ಹಾಡು ನಿನ್ನದು, ಕರಡು ಅವರದು

ಚಿ. ಮೇಘನಾಗೆ ಆಶೀರ್ವಾದಗಳು.

ಅಮೆರಿಕದ ಕಂಟ್ರಿ ಸಂಗೀತದ ತವರು ನ್ಯಾಶ್‌ವಿಲ್‌ನಿಂದ ನೀನು ಕಳಿಸಿದ ಮೂರು ಹಾಡನ್ನೂ, ಹಾಡಿನ ಹಕ್ಕು ನೋಡಿಕೊಳ್ಳುವ ಪಬ್ಲಿಷರ್ ಕೊಟ್ಟ ಒಪ್ಪಂದದ ಕರಡನ್ನೂ ನೋಡಿದೆ. ಎರಡರ ವಿಚಾರಕ್ಕೂ ನೀನು, ತನ್ನ ಹಾಡು ತಾನೇ ಬರೆದು ಹಾಡಿದ ಕಂಟ್ರಿ ಗಾಯಕಿ ಲೊರೆಟಾ ಲಿನ್‌ಳನ್ನು ಸರಿಯಾಗಿ ಓದಿಕೊಳ್ಳಬೇಕು. ಹೇಗೆ ಬರೆಯಬೇಕು ಅನ್ನುವುದು ಆಕೆಯ ಹಾಡಿನಲ್ಲಿದೆ, ಹೇಗೆ ಸಹಿ ಹಾಕಬಾರದು ಅನ್ನುವುದು ಆಕೆಯ ಕರಾರಿನಲ್ಲಿದೆ.

ಮೊದಲು ಹಾಡು. ನಿನ್ನ ಸಾಲುಗಳಲ್ಲಿ ನೋವು, ಒಂಟಿತನ, ಕನಸು ಬೇಕಾದಷ್ಟಿವೆ, ಕೈಗೆ ಸಿಗುವ ಸಾಮಾನು ಒಂದೂ ಇಲ್ಲ. 1970ರ ‘ಕೋಲ್ ಮೈನರ್ಸ್ ಡಾಟರ್’ ಕೇಳು. ಕೆಂಟಕಿಯ ಬುಚರ್ ಹಾಲೋದ ಗುಡ್ಡದ ಮೇಲಿನ ಮನೆ. ವ್ಯಾನ್ ಲಿಯರ್ ಗಣಿಯಲ್ಲಿ ರಾತ್ರಿಯೆಲ್ಲ ದುಡಿಯುವ ಅಪ್ಪ. ಬಟ್ಟೆ ಉಜ್ಜಿ ಉಜ್ಜಿ ರಕ್ತ ಒಸರುವ ಅಮ್ಮನ ಬೆರಳು. ಬೇಸಿಗೆಯಲ್ಲಿ ಬರಿಗಾಲು, ಚಳಿಗಾಲ ಬಂದರೆ ಹಂದಿ ಮಾರಿದ ದುಡ್ಡಿನಲ್ಲಿ ಕ್ಯಾಟಲಾಗ್ ನೋಡಿ ಅಂಚೆಯಲ್ಲಿ ತರಿಸಿದ ಬೂಟು. ಬಡತನದ ವಿಷಯ ನೇರವಾಗಿ ಬರುವುದು ಅರ್ಧ ಸಾಲಿನಲ್ಲಿ, ಉಳಿದ ಕೆಲಸವನ್ನೆಲ್ಲ ಆ ಹಂದಿ, ಆ ಬೂಟು ಮಾಡುತ್ತವೆ. ಈ ಹಾಡಿಗೆ ಬೇರೆ ಪಲ್ಲವಿಯೂ ಇಲ್ಲ, ಚರಣದ ಮೇಲೆ ಚರಣ ನಡೆಯುತ್ತದೆ. ಆಕೆ ಬರೆದು ತಂದಾಗ ಇನ್ನೂ ಉದ್ದವಿತ್ತು. ನಿರ್ಮಾಪಕ ಓವನ್ ಬ್ರಾಡ್ಲಿ ಕೆಲವು ಚರಣ ತೆಗೆಸಿ ಸುಮಾರು ಮೂರು ನಿಮಿಷಕ್ಕೆ ಇಳಿಸಿದರು. ನಿನ್ನ ಎರಡನೇ ಹಾಡಿಗೂ ಅದೇ ಕತ್ತರಿ ಬೇಕು. ಪ್ರತಿ ಚರಣದಲ್ಲೂ ಹೊಸ ವಸ್ತುವೋ ಹೊಸ ವ್ಯಕ್ತಿಯೋ ಬಂತೇ ಅಂತ ನೋಡು. ಬರಲಿಲ್ಲವಾದರೆ ಪ್ರಾಸ ಎಷ್ಟೇ ಚೆನ್ನಾಗಿದ್ದರೂ ಆ ಚರಣ ಬೇಡ.

ಇನ್ನೊಂದು, ನೀನು ಯಾರಿಗೂ ಹೇಳದೆ ಗಾಳಿಗೆ ಹೇಳುತ್ತಿದ್ದೀಯ. ಲೊರೆಟಾ ಎದುರು ನಿಂತವರಿಗೆ ಹೇಳುತ್ತಾಳೆ. ‘ಡೋಂಟ್ ಕಮ್ ಹೋಮ್ ಎ-ಡ್ರಿಂಕಿನ್’ ಕುಡಿದು ಬರುವ ಗಂಡನಿಗೆ, 1968ರ ‘ಫಿಸ್ಟ್ ಸಿಟಿ’ ಗಂಡನ ಹಿಂದೆ ಬಿದ್ದವಳಿಗೆ. (ನಮ್ಮ ಬೀಸುವ ಪದಗಳಲ್ಲಿ ಅತ್ತೆ ನಾದಿನಿಯರಿಗೆ ತಾಗುವ ಮಾತೂ ಇದೇ ಜಾತಿಯದು.) ‘ಯು ಎಯಿಂಟ್ ವುಮನ್ ಎನಫ್’ (‘ನೀನು ಅಷ್ಟು ಗಟ್ಟಿ ಹೆಣ್ಣಲ್ಲ’) ಹುಟ್ಟಿದ್ದನ್ನು ಆಕೆಯೇ ಹೇಳಿಕೊಂಡಿದ್ದಾಳೆ: ರಂಗದ ಹಿಂದೆ ಬಂದು, ಗಂಡ ಇನ್ನೊಬ್ಬಳನ್ನು ಕರೆತಂದಿದ್ದಾನೆಂದು ಅತ್ತ ಹೆಣ್ಣುಮಗಳಿಗೆ ಆಕೆ ಕೊಟ್ಟ ಉತ್ತರವೇ ಹಾಡಿನ ಶೀರ್ಷಿಕೆಯಾಯಿತು. ಬಾಗಿಲಲ್ಲಿ ನಿಂತು ಜೋರಾಗಿ ಹೇಳಲು ಬರುವ ಮಾತಾದರೆ ಅದು ಶೀರ್ಷಿಕೆಗೆ ಯೋಗ್ಯ. ನಿನ್ನ ‘ಮೌನದ ಪ್ರತಿಧ್ವನಿ’ಯ ಇಂಗ್ಲಿಷ್ ರೂಪವನ್ನು ಯಾರು ಯಾರಿಗೆ ಹೇಳುತ್ತಾರೆ, ಹೇಳು ನೋಡೋಣ.

ಧೈರ್ಯದ ಹಾಡು ಅಂತ ಎಲ್ಲರೂ ಗರ್ಭನಿರೋಧಕ ಮಾತ್ರೆಯ ಮೇಲಿನ ‘ದ ಪಿಲ್’ ಹೆಸರು ಹೇಳುತ್ತಾರೆ. ಅದನ್ನು ಬರೆದದ್ದು ಮುಖ್ಯವಾಗಿ ಬೇರೆಯವರು. 1972ರಲ್ಲೇ ರೆಕಾರ್ಡ್ ಆಗಿ, 1975ರವರೆಗೆ ಹೊರಬರಲಿಲ್ಲ. ಅನೇಕ ರೇಡಿಯೋಗಳು ಹಾಕಲಿಲ್ಲ, ಆದರೂ ಕಂಟ್ರಿ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಏರಿತು. ಗಮನಿಸಬೇಕಾದ್ದು ಕಾಲ: ಅದು ಹೊರಬರುವ ಹೊತ್ತಿಗೆ ಆಕೆ 1972ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ (ಸಿಎಂಎ) ‘ವರ್ಷದ ಎಂಟರ್‌ಟೇನರ್’ ಗೌರವ ಪಡೆದ ಮೊದಲ ಹೆಂಗಸಾಗಿದ್ದಳು. ಬುಡ ಗಟ್ಟಿಯಾದ ಮೇಲೆ ಕೊಟ್ಟ ಪೆಟ್ಟು ಅದು. ಮೊದಲ ಹಾಡಿಗೇ ರೇಡಿಯೋದವರ ಜೊತೆ ಜಗಳಕ್ಕೆ ಹೋಗಬೇಡ. 1960ರಲ್ಲಿ ಮೊದಲ ರೆಕಾರ್ಡ್ ಬಂದಾಗ ಆಕೆ, ಗಂಡ ಇಬ್ಬರೂ ಕಾರಿನಲ್ಲಿ ಸ್ಟೇಷನ್ನಿಂದ ಸ್ಟೇಷನ್ನಿಗೆ ತಿರುಗಿ ಕೈಯಾರೆ ಕೊಟ್ಟು, ಅದನ್ನು 14ನೇ ಸ್ಥಾನಕ್ಕೆ ತಂದರು.

ಈಗ ಕರಡು. ಲೊರೆಟಾ ಹೊಸಬಳಾಗಿದ್ದಾಗ ಕೈಹಿಡಿದವರು ಹಾಡುಗಾರರೂ ಪಬ್ಲಿಷರೂ ಆಗಿದ್ದ ವಿಲ್ಬರ್ನ್ ಸಹೋದರರು. ಉಪಕಾರ ದೊಡ್ಡದೇ. ಆದರೆ ಆ ಕರಾರಿನಲ್ಲಿ ಆಕೆಯ ಹಾಡುಗಳ ಪಬ್ಲಿಷಿಂಗ್ ಹಕ್ಕು ಅವರಿಗೆ ಹೋಯಿತು. ವಾಪಸ್ ಪಡೆಯಲು ದಶಕಗಳ ಕಾಲ ಹೋರಾಡಿದರೂ ಸಿಗಲಿಲ್ಲ, ಎಪ್ಪತ್ತರ ದಶಕದಲ್ಲಿ ಆಕೆ ಬರೆಯುವುದನ್ನೇ ನಿಲ್ಲಿಸಿದ್ದಕ್ಕೂ ಇದೇ ಕಾರಣ. ಇನ್ನೊಬ್ಬ ಕಂಟ್ರಿ ಗಾಯಕಿ ಡಾಲಿ ಪಾರ್ಟನ್ ಕತೆ ಬೇರೆ. ಆಕೆ ಬರೆದ ‘ಐ ವಿಲ್ ಆಲ್ವೇಸ್ ಲವ್ ಯು’ ಹಾಡಲು ಗಾಯಕ ಎಲ್ವಿಸ್ ಕಡೆಯವರು ಪಬ್ಲಿಷಿಂಗ್‌ನಲ್ಲಿ ಅರ್ಧ ಕೇಳಿದಾಗ ಕೊಡಲ್ಲ ಅಂದಳು. ಎಲ್ವಿಸ್ ಹಾಡಲಿಲ್ಲ. 1992ರಲ್ಲಿ ವಿಟ್ನಿ ಹೂಸ್ಟನ್ ಹಾಡಿ, ಅಮೆರಿಕದಲ್ಲಿ 14 ವಾರ ಮೊದಲ ಸ್ಥಾನದಲ್ಲಿತ್ತು.

ಅಮೆರಿಕದ ಎಎಂ, ಎಫ್‌ಎಂ ರೇಡಿಯೋ ಹಾಡಿದವರಿಗೆ ಕಾಸು ಕೊಡುವುದಿಲ್ಲ, ಬರೆದವರಿಗೂ ಪಬ್ಲಿಷರ್‌ಗೂ ಮಾತ್ರ. ಒಂದು ಡಾಲರ್ ಬಂದರೆ ರೂಢಿಯಲ್ಲಿ 50 ಸೆಂಟ್ ಬರೆದವರದು, 50 ಪಬ್ಲಿಷರ್‌ದು. ನಿನ್ನ ಕರಡಿನಲ್ಲಿ ಪಬ್ಲಿಷರ್ ಪಾಲು ಪೂರ್ತಿ ಅವರಿಗೇ ಇದೆ. ಕೋ-ಪಬ್ಲಿಷಿಂಗ್, ಅಂದರೆ ಪಬ್ಲಿಷರ್ ಪಾಲಿನಲ್ಲೂ ಅರ್ಧ ಕೇಳು, ಆಗ ನಿನ್ನ ಕೈಗೆ 75 ಬರುತ್ತದೆ. ವರ್ಷಕ್ಕೆ 12 ಹಾಡು ಅಂತ ಬರೆದಿದ್ದಾರೆ, ನೋಡಲು ಸುಲಭ. ಆದರೆ ಅದು ಪೂರ್ತಿ ಹಾಡಿನ ಲೆಕ್ಕ. ಅಲ್ಲಿ ಎಲ್ಲರೂ ಇಬ್ಬರು ಮೂವರು ಕೂತು ಬರೆಯುವವರು. ಮೂವರಾದರೆ ನಿನಗೆ ಮೂರನೇ ಒಂದು, 12 ತುಂಬಲು 36 ಹಾಡು ಬೇಕು. ತುಂಬದಿದ್ದರೆ ಕರಾರಿನ ಅವಧಿ ತಾನಾಗಿ ಮುಂದಕ್ಕೆ ಹೋಗುತ್ತದೆ, 7ನೇ ಕಲಮು ಮತ್ತೆ ಓದು. ಅವರು ಕೊಡುವ ಮುಂಗಡ ಹಣ ಸಂಬಳವಲ್ಲ, ಅದನ್ನು ನಿನ್ನ ರಾಯಲ್ಟಿಯಿಂದಲೇ ಮುರಿದುಕೊಳ್ಳುತ್ತಾರೆ.

‘ವರ್ಕ್ ಮೇಡ್ ಫಾರ್ ಹೈರ್’ (ಕೂಲಿಗೆ ಮಾಡಿದ ಕೆಲಸ, ಹಕ್ಕು ಮಾಡಿಸಿಕೊಂಡವರದೇ) ಅನ್ನುವ ಪದಗಳು ಎಲ್ಲಿದ್ದರೂ ಹೊಡೆದು ಹಾಕಿಸು. ಬರೆದುಕೊಟ್ಟ ಹಕ್ಕನ್ನು ಸಾಮಾನ್ಯವಾಗಿ 35 ವರ್ಷದ ಮೇಲೆ ವಾಪಸ್ ಕೇಳಲು ಅಲ್ಲಿನ ಕಾನೂನು ಬಿಡುತ್ತದೆ, ಕನಿಷ್ಠ ಎರಡು ವರ್ಷ ಮೊದಲು ಲಿಖಿತ ನೋಟಿಸ್ ಕೊಟ್ಟರೆ. ಆ ನಾಲ್ಕು ಪದ ಇದ್ದರೆ ಆ ದಾರಿಯೇ ಮುಚ್ಚಿಹೋಗಬಹುದು.

ಜೊತೆಯಲ್ಲಿ ಬರೆದ ದಿನವೇ, ಎಲ್ಲರೂ ಎದ್ದು ಹೋಗುವ ಮೊದಲು, ಯಾರ ಪಾಲು ಎಷ್ಟೆಂದು ಬರೆಯುವ ಸ್ಪ್ಲಿಟ್ ಶೀಟ್ ಮಾಡಿಸು. ಹೆಸರು, ಶೇಕಡಾ, ತಾರೀಖು, ಸಹಿ, ರಾಯಲ್ಟಿ ವಸೂಲಿ ಮಾಡುವ ಸಂಘಗಳಲ್ಲಿ ಯಾರು ಬಿಎಂಐ ಯಾರು ಆಸ್ಕ್ಯಾಪ್, ಇಷ್ಟು ಸಾಕು. ಹಾಡು ಓಡಿದ ಮೇಲೆ ಪಾಲು ಕೇಳಿದರೆ ಎಲ್ಲರಿಗೂ ತಾವೇ ಹೆಚ್ಚು ಬರೆದ ಹಾಗೆ ನೆನಪಿರುತ್ತದೆ.

ಸಹಿಗೆ ಮೊದಲು ಸಂಗೀತದ ಕರಾರು ಬಲ್ಲ ವಕೀಲರಿಗೆ ತೋರಿಸು. ಪಬ್ಲಿಷರೇ ಸೂಚಿಸಿದ ವಕೀಲರು ಮಾತ್ರ ಬೇಡ. ಫೀಸು ಹೊಂದಿಸುವುದು ಕಷ್ಟವಾದರೆ ಹೇಳು, ಕಳಿಸುತ್ತೇನೆ.

ನಿನ್ನ ಸೋದರಮಾವ