ಜೋರು ಹಾರ್ನ್‌ಗೆ ರಿಲೇ ಇರಲಿ

ಮಾನ್ಯರೇ,

ಗಾಜು ಏರಿಸಿ ಹಾಡು ಕೇಳುತ್ತಾ ಹೋಗುವ ಕಾರು ಚಾಲಕರಿಗೆ ಬೈಕಿನ ಮೂಲ ಹಾರ್ನಿನ ಕೀರಲು ದನಿ ಕೇಳಿಸುವುದೇ ಇಲ್ಲ ಎಂಬ ದೂರಿನಲ್ಲಿ ಹುರುಳಿದೆ. ಆದ್ದರಿಂದ ಜೋರು ಹಾರ್ನ್ ಹಾಕಿಸುವವರೆಲ್ಲರನ್ನೂ ಪುಂಡರೆಂದು ನಾನು ಜರೆಯಲಾರೆ. ನನ್ನ ಆತಂಕವೆಲ್ಲ ಅದನ್ನು ಜೋಡಿಸುವ ರೀತಿಯ ಬಗ್ಗೆ.

ಹಳೆಯ ಹಾರ್ನಿನ ವೈರುಗಳನ್ನೇ ಕಿತ್ತು ಹೊಸದಕ್ಕೆ ಸಿಕ್ಕಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಬೈಕಿನ ಮೂಲ ಹಾರ್ನ್ ಸಾಮಾನ್ಯವಾಗಿ 2–3 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ದೊಡ್ಡ ಜೋಡಿ ಹಾರ್ನ್‌ಗಳು ಅದರ ಮೂರು-ನಾಲ್ಕು ಪಟ್ಟು ಎಳೆಯಬಲ್ಲವು. ತೆಳು ವೈರು ಕಾದು ಕವಚ ಕರಗಬಹುದು, ಹಾರ್ನ್ ಒತ್ತುವ ಗುಂಡಿಯೊಳಗಿನ ಸಂಪರ್ಕಗಳು ಸುಟ್ಟು ಕಪ್ಪಾಗಬಹುದು. ಆಗ ನಿಜವಾದ ಅಪಾಯದ ಹೊತ್ತಿನಲ್ಲೇ ಹಾರ್ನ್ ಮೂಕವಾಗುತ್ತದೆ. ಬ್ಯಾಟರಿಯಿಂದ ಪ್ರತ್ಯೇಕವಾಗಿ ದಪ್ಪ ವೈರು ಎಳೆದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇಟ್ಟು, ನಡುವೆ ರಿಲೇ, ಅಂದರೆ ಅಲ್ಪ ವಿದ್ಯುತ್ತಿನಿಂದಲೇ ದೊಡ್ಡ ವಿದ್ಯುತ್ ಹರಿವನ್ನು ನಿಯಂತ್ರಿಸುವ ಸ್ವಿಚ್, ಕೂರಿಸಬೇಕು. ಗುಂಡಿಯ ಮೂಲಕ ರಿಲೇಗೆ ಬೇಕಾದ ಅಲ್ಪ ವಿದ್ಯುತ್ ಮಾತ್ರ ಹರಿಯುತ್ತದೆ. ಹ್ಯಾಂಡಲ್ ಅನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ವೈರು ಎಲ್ಲೂ ಬಿಗಿಯದಂತೆ ನೋಡಿಕೊಳ್ಳುವುದೂ ಮುಖ್ಯ.

ಸದ್ದಿನ ಲೆಕ್ಕವೂ ಗೊತ್ತಿರಬೇಕು. ಡೆಸಿಬಲ್ 10 ಹೆಚ್ಚಿದರೆ ಧ್ವನಿಯ ತೀವ್ರತೆ 10 ಪಟ್ಟಾಗುತ್ತದೆ. ಕಾರಿನೊಳಗಿದ್ದವರಿಗೆ ಗಾಜಿನ ರಕ್ಷಣೆಯಿದೆ. ರಸ್ತೆ ದಾಟುವ ಮಗುವಿನ ಕಿವಿಗೆ ಏನಿದೆ? ಪಾದಚಾರಿಗಳ ಬೆನ್ನ ಹಿಂದೆ ಜೋರು ಹಾರ್ನ್ ಮೊಳಗಿಸುವುದು ಕ್ರೌರ್ಯವೇ ಸರಿ.

ಮಾರಾಟಗಾರರು ರಿಲೇ, ಫ್ಯೂಸ್ ಮತ್ತು ಜೋಡಣೆಯ ನಕ್ಷೆಯನ್ನು ಹಾರ್ನಿನ ಜೊತೆಗೇ ಕೊಡಬೇಕು. ಕಾನೂನಿನ ಶಬ್ದಮಿತಿ ಮೀರುವ ಹಾರ್ನ್‌ಗಳನ್ನು ಅಂಗಡಿಯಲ್ಲಿ ಇಡಲೇಬಾರದು.

– ಒಬ್ಬ ಬೈಕ್ ಸವಾರ