ಇದರಲ್ಲಿ ಕನ್ನಡ ಎಲ್ಲಿದ್ದು?

ನಮಸ್ಕಾರ.

ನಮ್ಮ ಪತ್ರಿಕೆಯ ಈ ಸಂಚಿಕೆ ಎರಡು ವಾರ ತಡವಾಯಿತು. ತಪ್ಪು ನನ್ನದೇ. ರಜೆಯಲ್ಲಿ ಊರಿಗೆ ಹೋಗಿದ್ದೆ. ಊರು ಅಂದರೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ಒಂದು ಅಡಿಕೆ ತೋಟ. ಆಟಿ ತಿಂಗಳು, ಬಿಡದ ಮಳೆ, ಬಂದರೆ ಬಂತು ಹೋದರೆ ಹೋಯಿತು ಎನ್ನುವ ಕರೆಂಟು. ಅಲ್ಲಿಂದಲೇ ಪುಟ ತಿದ್ದಿ ಕಳಿಸುತ್ತೇನೆ ಅಂತ ಸಮಿತಿಯವರಿಗೆ ಮಾತು ಕೊಟ್ಟಿದ್ದೆ. ಒಂದು ಪುಟವನ್ನೂ ತಿದ್ದಲಿಲ್ಲ. ಚಾವಡಿಯಲ್ಲಿ ಕೂತು ಜಾಝ್ ಕೇಳಿದೆ.

ಆಲ್ಬಮ್ ಹೊಸದೇನಲ್ಲ, 2004ರದ್ದು. ನನಗೆ ಮಾತ್ರ ಹೊಸದು. ಹೆಸರು ‘ಮದರ್ ಟಂಗ್’, ಮಾತೃಭಾಷೆ. ನಾಲ್ಕೇ ಜನರ ತಂಡ. ಸ್ಯಾಕ್ಸೋಫೋನ್ ರುದ್ರೇಶ್ ಮಹಾಂತಪ್ಪ. ಪಿಯಾನೋ ವಿಜಯ್ ಅಯ್ಯರ್. ಡಬಲ್ ಬೇಸ್ ಫ್ರಾನ್ಸಿನ ಫ್ರಾಂಸ್ವಾ ಮೂತಾಂ. ಡ್ರಮ್ಸ್ ಎಲಿಯಟ್ ಉಂಬರ್ತೋ ಕಾವೀ. ಶಾರ್ಜಾದಿಂದ ದುಬೈಗೆ ಹೋಗುವ ಬೆಳಗಿನ ಟ್ರಾಫಿಕ್ಕಿನಲ್ಲಿ ಫೋನ್ ತಾನಾಗಿ ಅದನ್ನು ತೋರಿಸಿತ್ತು. ಹಾಡುಗಳ ಪಟ್ಟಿ ಓದಿದವನು ಹಿಂದಿನ ಗಾಡಿ ಹಾರ್ನ್ ಹೊಡೆಯುವವರೆಗೂ ಮುಂದೆ ಹೋಗಲಿಲ್ಲ. ‘ಕನ್ನಡ’. ‘ಕೊಂಕಣಿ’. ‘ಮಲಯಾಳಂ’. ‘ತಮಿಳು’, ‘ತೆಲುಗು’, ‘ಗುಜರಾತಿ’. ಒಂದರ ಹೆಸರು ‘ಇಂಗ್ಲಿಷ್’. ಕಾಸರಗೋಡು ಹಳೇ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತರೆ ಕಿವಿಗೆ ಬೀಳುವ ಪಟ್ಟಿಯೂ ಹೆಚ್ಚು ಕಮ್ಮಿ ಇದೇ ಅಲ್ವಾ?

ರುದ್ರೇಶ್ ಹುಟ್ಟಿದ್ದು 1971ರಲ್ಲಿ, ಇಟಲಿಯ ಟ್ರಿಯೆಸ್ಟೆಯಲ್ಲಿ. ಬೆಳೆದದ್ದು ಅಮೆರಿಕದ ಕೊಲರಾಡೋ ರಾಜ್ಯದ ಬೋಲ್ಡರ್‌ನಲ್ಲಿ. ತಂದೆ ತಾಯಿ ಕರ್ನಾಟಕದವರು. ತಂದೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರೊಫೆಸರ್. ಭೌತಶಾಸ್ತ್ರ ಈ ತಂಡವನ್ನು ಬಿಡುವ ಹಾಗೆ ಕಾಣುವುದಿಲ್ಲ. ತಮಿಳು ಮನೆಯಲ್ಲಿ ಹುಟ್ಟಿ ನ್ಯೂಯಾರ್ಕ್ ರಾಜ್ಯದಲ್ಲಿ ಬೆಳೆದ ವಿಜಯ್ ಅಯ್ಯರ್ ಓದಿದ್ದು ಗಣಿತ ಮತ್ತು ಭೌತಶಾಸ್ತ್ರ. ಬೇಸ್ ನುಡಿಸುವ ಮೂತಾಂ ಕೂಡ ಅದೇ ಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು. ಮಕ್ಕಳು ಸಂಗೀತ ಅಂತ ಹೊರಟರೆ ಓದು ಹಾಳಾಗುತ್ತದೆ ಅಂತ ಕಳೆದ ಪಾಲಕರ ಸಭೆಯಲ್ಲಿ ವಾದ ಮಾಡಿದವರು ಇದನ್ನು ಇನ್ನೊಮ್ಮೆ ಓದಿಕೊಳ್ಳಬಹುದು.

ಅಮೆರಿಕದಲ್ಲಿ ನಮ್ಮವರಿಗೆ ಆಗಾಗ ಎದುರಾಗುವ ಒಂದು ಪ್ರಶ್ನೆ ಇದೆ. ‘ನೀವು ಇಂಡಿಯನ್ ಮಾತಾಡ್ತೀರಾ?’ ಅಂಥ ಒಂದು ಭಾಷೆಯೇ ಇಲ್ಲ ಸ್ವಾಮಿ ಅಂತ ಎಷ್ಟು ಸಲ ಹೇಳುವುದು? ರುದ್ರೇಶ್ ಆ ಪ್ರಶ್ನೆಗೆ ಬೇರೆ ಬೇರೆ ಭಾಷೆಯವರು ತಮ್ಮ ತಮ್ಮ ಮಾತಿನಲ್ಲಿ ಕೊಟ್ಟ ಉತ್ತರವನ್ನು ತೆಗೆದುಕೊಂಡರು. ಅದರ ಏರಿಳಿತವನ್ನು ಸ್ವರಕ್ಕೆ ಇಳಿಸಿ ಬರೆದುಕೊಂಡರು. ಎಲ್ಲಿ ದನಿ ಮೇಲಕ್ಕೆ ಹೋಗುತ್ತದೆ, ಎಲ್ಲಿ ತಡೆದು ನಿಲ್ಲುತ್ತದೆ, ಎಲ್ಲಿ ಒಂದೇ ಉಸಿರಿನಲ್ಲಿ ಉರುಳಿಕೊಂಡು ಬರುತ್ತದೆ. ಅದರ ಮೇಲೆ ಸಂಗೀತ ಕಟ್ಟಿದರು. ಅಂದರೆ ‘ಕನ್ನಡ’ ಎಂಬ ಆ ತುಣುಕಿನಲ್ಲಿ ಒಂದು ಕನ್ನಡ ಶಬ್ದವೂ ಇಲ್ಲ. ಆಡಿದ ಕನ್ನಡದ ದನಿ ಮಾತ್ರ ಇದೆ.

ಇದನ್ನು ಓದಿ ನನಗೆ ನಗು ಬಂತು. ನಮಗೆ ಇಲ್ಲಿ ಗಲ್ಫಿನಲ್ಲಿ ಆ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತದೆ. ನನ್ನ ಪಾಸ್‌ಪೋರ್ಟಿನಲ್ಲಿ ಕೇರಳ ಅಂತ ಇದೆ. ಆಫೀಸಿನಲ್ಲಿ ಸೇರಿದ ಮೊದಲ ದಿನವೇ ಮಲಯಾಳಿಗಳು ‘ನಾಟ್ಟಿಲ್ ಎವಿಡೆಯಾ?’, ಊರಲ್ಲಿ ಎಲ್ಲಿ, ಅಂತ ಕೇಳಿಕೊಂಡು ಬಂದರು. ಸಂತೋಷ. ಎರಡು ನಿಮಿಷದಲ್ಲಿ ನನ್ನ ಮಲಯಾಳಂ ಕೇಳಿ ‘ಓ, ಕಾಸರಗೋಡು’ ಅಂತ ನಕ್ಕರು. ಅದಾಗಿ ತಿಂಗಳಲ್ಲಿ ಕನ್ನಡದವರ ಒಂದು ಕೂಟಕ್ಕೆ ಹೋದೆ. ಅಲ್ಲಿ ಒಬ್ಬರು ನನ್ನ ‘ಉಂಟು’, ‘ಎಂತ’ ಕೇಳಿ, ‘ಕನ್ನಡ ಚೆನ್ನಾಗಿ ಕಲಿತಿದ್ದೀರಿ, ನೀವು ಮಲಯಾಳಿ ಅಲ್ವಾ?’ ಅಂದರು. ನಾನೂ ಸುಮ್ನೆ ‘ಥ್ಯಾಂಕ್ಸ್’ ಅಂದೆ. ನವೆಂಬರ್ 1ಕ್ಕೆ ಎಲ್ಲರ ಜೊತೆ ಸಿಹಿ ಹಂಚುವಾಗ ಈಗಲೂ ಒಂದು ಗಳಿಗೆ ಕೈ ನಿಧಾನ ಆಗುತ್ತದೆ. ನೀವು ಒಂದಾದ ಅದೇ 1956ರ ನವೆಂಬರ್ 1ಕ್ಕೆ ನಮ್ಮ ತಾಲೂಕು ಕೇರಳದ ಕಡೆಗೆ ಹೋಯಿತು. ಇರಲಿ, ಇದು ಆ ಜಗಳದ ಜಾಗ ಅಲ್ಲ.

ನಾನು ಹೇಳಹೊರಟದ್ದು ದನಿಯ ವಿಷಯ. ನಮ್ಮ ಮನೆಯಲ್ಲಿ ಫೋನ್ ಇರುವುದು ಚಾವಡಿಯ ಕಿಟಕಿ ದಂಡೆಯ ಮೇಲೆ. ಮೊಬೈಲೇ, ಆದರೆ ಸಿಗ್ನಲ್ ಸಿಗುವುದು ಆ ಒಂದು ಮೂಲೆಯಲ್ಲಿ ಮಾತ್ರ. ಅಮ್ಮ ಅಲ್ಲಿ ನಿಂತು ಮಾತಾಡುತ್ತಾರೆ. ಒಳಗೆ ಅಡುಗೆಮನೆಯಲ್ಲಿ ಕೂತವನಿಗೆ ಮಳೆಯ ಸದ್ದಿಗೆ ಒಂದು ಶಬ್ದವೂ ತಿಳಿಯುವುದಿಲ್ಲ. ಆದರೂ ಯಾರ ಹತ್ತಿರ ಮಾತು ಅಂತ ಗೊತ್ತಾಗುತ್ತದೆ. ದನಿ ಮೆಲ್ಲಗೆ ಏರಿ ಕೊನೆಯಲ್ಲಿ ಜಾರಿದರೆ ಹವ್ಯಕ ಕನ್ನಡ, ಅಂದರೆ ಪುತ್ತೂರಿನ ಚಿಕ್ಕಮ್ಮ. ಚುರುಕಾಗಿ, ತುಂಡು ತುಂಡಾಗಿ ಬಂದರೆ ತುಳು. ನಾಳೆ ಮಳೆ ಬಿಟ್ಟರೆ ತೋಟಕ್ಕೆ ಮದ್ದು ಬಿಡಲು ಬರುತ್ತೀರಾ ಅಂತ ಕೇಳುತ್ತಿದ್ದಾರೆ. ಉದ್ದಕ್ಕೆ ಎಳೆದು ಎಳೆದು ಹೋದರೆ ಮಲಯಾಳಂ, ಕರೆಂಟಿನ ಆಫೀಸು. ದನಿ ನೆಟ್ಟಗೆ, ಯೂನಿಫಾರ್ಮ್ ಹಾಕಿ ನಿಂತ ಹಾಗೆ ಬಂದರೆ ಅದು ಪುಸ್ತಕದ ಕನ್ನಡ. ಬ್ಯಾಂಕಿಗೆ ಹೊಸತಾಗಿ ಬಂದ ಮ್ಯಾನೇಜರು. ಒಬ್ಬಳೇ ಅಮ್ಮ, ನಾಲ್ಕು ದನಿ. ಯಾವುದನ್ನೂ ಅವರು ಕಲಿತದ್ದಲ್ಲ, ಅಲ್ಲೇ ಇದ್ದದ್ದು.

ಆಲ್ಬಮನ್ನು ಮಾವನಿಗೆ ಕೇಳಿಸಿದೆ. ಅಮ್ಮನ ಅಣ್ಣ. ವಯಸ್ಸು ಎಂಬತ್ತು ದಾಟಿದೆ. ಒಂದು ಕಾಲದಲ್ಲಿ ಊರಿನ ತಾಳಮದ್ದಳೆಗಳಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಮದ್ದಳೆ ಬಾರಿಸುತ್ತಿದ್ದವರು. ಕಣ್ಣು ಮುಚ್ಚಿ, ಬೆರಳಲ್ಲಿ ಮೊಣಕಾಲು ತಟ್ಟುತ್ತಾ ಪೂರ್ತಿ ಕೇಳಿದರು. ಆಮೇಲೆ ಅಂದರು: “ಪೆಟ್ಟು ಲಾಯ್ಕಿದ್ದು. ಇದರಲ್ಲಿ ಕನ್ನಡ ಎಲ್ಲಿದ್ದು ಮಾರಾಯ?”

ವಿವರಿಸಿದೆ. ತಲೆ ಆಡಿಸಿದರು, ಒಪ್ಪಿದ ಹಾಗೆ ಕಾಣಲಿಲ್ಲ. ಮಾತಾಡುವ ದನಿ ಸ್ವರದ ಮೇಲೆ ನಿಲ್ಲುವುದಿಲ್ಲ, ಸ್ವರಗಳ ನಡುವೆ ಜಾರುತ್ತದೆ ಎಂಬುದು ಅವರ ವಾದ. ಹಾರ್ಮೋನಿಯಂ ಮನೆ ಒತ್ತಿ ಮಾತಾಡಿಸಲು ಆಗುತ್ತದಾ? ಮಾತು ಸರಿ. ಪಿಯಾನೋ ಕೂಡ ಹಾರ್ಮೋನಿಯಂ ಹಾಗೆಯೇ, ಎರಡು ಮನೆಗಳ ನಡುವೆ ಅದಕ್ಕೆ ಜಾಗ ಇಲ್ಲ. ಆದರೆ ಸ್ಯಾಕ್ಸೋಫೋನಿನಲ್ಲಿ ತುಟಿ ಬಿಗಿ ಮಾಡಿ ಸಡಿಲಿಸಿ ದನಿಯನ್ನು ಬಗ್ಗಿಸಬಹುದು. ಬೇಸ್‌ನಲ್ಲಿ ಬೆರಳನ್ನು ತಂತಿಯ ಮೇಲೆ ಜಾರಿಸಬಹುದು. ಹಾಗಾಗಿ ಅದು ಅರ್ಧ ಮಾತು, ಅರ್ಧ ಲೆಕ್ಕ. ನಾನು ಆ ಕನ್ನಡ ವಾಕ್ಯ ಯಾವುದಿರಬಹುದು ಅಂತ ಏಳೆಂಟು ಸಲ ಕೇಳಿ ಊಹಿಸಲು ನೋಡಿದೆ. ಸಿಗಲಿಲ್ಲ.

ಮಾವನಿಗೆ ಹಿಡಿಸಿದ್ದು ಬೇರೆ. ಒಬ್ಬರು ನುಡಿಸಿ ಬಿಟ್ಟ ಜಾಗದಿಂದ ಇನ್ನೊಬ್ಬರು ಎತ್ತಿಕೊಳ್ಳುವುದು. “ಇದು ಅರ್ಥ ಹೇಳಿದ ಹಾಂಗೇ” ಅಂದರು. ಜಾಝ್ ಎಂದರೆ ಏನು ಅಂತ ಕೇಳುವವರಿಗೆ ನಾನು ಇನ್ನು ಮುಂದೆ ಇದನ್ನೇ ಹೇಳುವುದು. ತಾಳಮದ್ದಳೆಯಲ್ಲಿ ಭಾಗವತರು ಒಂದು ಪದ ಹೇಳಿ ನಿಲ್ಲಿಸುತ್ತಾರೆ. ಪದ ಪ್ರಸಂಗದ ಪುಸ್ತಕದಲ್ಲಿ ಇದೆ. ಅರ್ಥ ಇಲ್ಲ. ಅದನ್ನು ಅರ್ಥಧಾರಿ ಅಲ್ಲೇ, ಆ ಹೊತ್ತಿಗೆ ಹುಟ್ಟಿಸಬೇಕು. ಎದುರು ಕೂತವರು ಏನು ಹೇಳಿದರು ಅನ್ನುವುದರ ಮೇಲೆ ಇವರ ಮಾತು. ಪದ ಬಿಟ್ಟು ಹೊರಗೆ ಹೋಗುವ ಹಾಗಿಲ್ಲ, ಪದದಲ್ಲೇ ಕೂತುಕೊಳ್ಳುವ ಹಾಗೂ ಇಲ್ಲ. ಜಾಝ್‌ನವರಿಗೂ ಬರೆದಿಟ್ಟ ಒಂದು ಪದ ಇರುತ್ತದೆ. ಉಳಿದದ್ದು ಅರ್ಥ.

ಮಾತು ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಕಡೆಗೆ ಹೊರಳಿತು. ನಮ್ಮ ಕಡೆ ಯಾವ ಮಾತು ಎಲ್ಲಿ ಶುರುವಾದರೂ ಅಲ್ಲಿಗೇ ಹೋಗುವುದು. ಅವರ ಬಪ್ಪ ಬ್ಯಾರಿ, ಅಂದರೆ ಕರಾವಳಿಯ ಮುಸ್ಲಿಂ ವ್ಯಾಪಾರಿಯ ಪಾತ್ರ, ನೋಡಿದವರು ನಿಮ್ಮಲ್ಲೂ ಇರಬಹುದು. ಮಾವ ಹೇಳುವ ಪ್ರಕಾರ, ಆ ಪಾತ್ರದಲ್ಲಿ ಶೇಣಿಯವರು ಬಾಯಿ ತೆರೆದರೆ ಶಬ್ದ ತಿಳಿಯುವ ಮೊದಲೇ ಬ್ಯಾರಿ ಬಂದು ನಿಂತಾಗುತ್ತಿತ್ತು. “ಆ ದನಿಯ ಆರು ಬರದು ಮಡುಗುದು?” ಅಂತ ಕೇಳಿ ಮಾವ ಎಲೆ ಅಡಿಕೆಗೆ ಕೈ ಹಾಕಿದರು. ಯಾರೋ ಒಬ್ಬರು ಬರೆಯಲು ಹೊರಟಿದ್ದಾರೆ ಅಂತಲೇ ನಾನು ಇಷ್ಟು ಹೊತ್ತು ಹೇಳಿದ್ದು ಅನ್ನಬೇಕೆನಿಸಿತು. ಅನ್ನಲಿಲ್ಲ.

ಅಮ್ಮನ ತಕರಾರು ಇನ್ನೊಂದು. ಪಟ್ಟಿ ಓದಿಸಿಕೊಂಡು, “ತುಳು ಇಲ್ಲೆಯಾ?” ಅಂದರು. ಇಲ್ಲ. ಬ್ಯಾರಿಯೂ ಇಲ್ಲ, ಮರಾಠಿಯೂ ಇಲ್ಲ. ‘ಸಪ್ತಭಾಷಾ ಸಂಗಮ’ ಅಂತ ಬೋರ್ಡು ಹಾಕಿಕೊಂಡ ಊರಿನವರಿಗೆ ಸಣ್ಣ ಪಟ್ಟಿ ಸಾಕಾಗುವುದಿಲ್ಲ.

ರುದ್ರೇಶ್ ಅವರದ್ದೇ ಇನ್ನೊಂದು ಆಲ್ಬಮ್ ನಮ್ಮ ಊರಿಗೆ ಇನ್ನೂ ಹತ್ತಿರ. ಅದರ ಕತೆ ಶುರುವಾಗುವುದು ಒಂದು ತಮಾಷೆಯಿಂದ. ಅವರು ಬಾಸ್ಟನ್ನಿನ ಬರ್ಕ್‌ಲೀ ಕಾಲೇಜಿನಲ್ಲಿ ಓದುತ್ತಿದ್ದಾಗ ಅಣ್ಣ ಒಂದು ಸಿಡಿ ತಂದುಕೊಟ್ಟ. ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’ ಅಂತ ಹೆಸರು. ನಗಾಡಲಿಕ್ಕೆ ಕೊಟ್ಟದ್ದು. ಅದರಲ್ಲಿ ನುಡಿಸಿದ್ದವರು ಕದ್ರಿ ಗೋಪಾಲನಾಥರು.

ಕದ್ರಿಯವರ ಬಗ್ಗೆ ನಮಗೆ ಹೇಳಬೇಕಾದ್ದಿಲ್ಲ. ಆದರೂ ಇಲ್ಲಿ ಹುಟ್ಟಿದ ಮಕ್ಕಳಿಗಾಗಿ ಎರಡು ಮಾತು. ಬಂಟ್ವಾಳ ತಾಲೂಕಿನ ಸಜೀಪಮೂಡದವರು, 1949ರಲ್ಲಿ ಹುಟ್ಟಿದವರು. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮಗನೂ ಮೊದಲು ಕಲಿತದ್ದು ನಾಗಸ್ವರವೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸ್ಸು ಅತ್ತ ಹೋಯಿತು. ನಾಗಸ್ವರದಲ್ಲಿ ತೂತನ್ನು ಮುಚ್ಚುವುದು ಬೆರಳು. ಅರ್ಧ ತೆರೆಯಬಹುದು, ಕಾಲು ತೆರೆಯಬಹುದು, ಸ್ವರವನ್ನು ಅಲುಗಿಸುವ ಗಮಕ ಬೆರಳ ತುದಿಯಲ್ಲೇ ಇರುತ್ತದೆ. ಸ್ಯಾಕ್ಸೋಫೋನಿನಲ್ಲಿ ತೂತು ಮುಚ್ಚುವುದು ಮುಚ್ಚಳ, ಬೆರಳು ಒತ್ತುವುದು ಕೀಲಿ. ಮುಚ್ಚಿದರೆ ಮುಚ್ಚಿತು, ತೆರೆದರೆ ತೆರೆಯಿತು. ಅದರಲ್ಲಿ ತೋಡಿ ರಾಗದ ಗಾಂಧಾರ ಸ್ವರ ಅಲುಗಿಸುವುದು ಅಂದರೆ ತುಟಿ, ಉಸಿರು, ಮತ್ತೆ ವರ್ಷಗಟ್ಟಲೆ ಹಟ. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರಾಮ್ಸ್ ಕಛೇರಿಗೆ ಅವರಿಗೆ ಕರೆ ಬಂತು. 2004ರಲ್ಲಿ ಪದ್ಮಶ್ರೀ. ಅದಕ್ಕಿಂತ ದೊಡ್ಡದು ನನ್ನ ಲೆಕ್ಕದಲ್ಲಿ ಇನ್ನೊಂದು ಇದೆ. ಇವತ್ತು ಮಂಗಳೂರಿನಿಂದ ಕಾಸರಗೋಡಿನ ತನಕ ಜಾತ್ರೆಯಲ್ಲಿ, ಮದುವೆ ದಿಬ್ಬಣದಲ್ಲಿ ವಾಲಗದವರ ಕೈಯಲ್ಲಿ ಸ್ಯಾಕ್ಸೋಫೋನ್ ಕಂಡರೆ ಯಾರೂ ತಿರುಗಿ ನೋಡುವುದಿಲ್ಲ. ಅದು ನಮ್ಮದೇ ವಾದ್ಯ ಅಂತ ಆಗಿಹೋಗಿದೆ. ನಾನು ಹತ್ತನೇ ಕ್ಲಾಸಿನ ತನಕ ಹಾಗೆಯೇ ತಿಳಿದಿದ್ದೆ. ಬೆಲ್ಜಿಯಂನ ಅಡಾಲ್ಫ್ ಸಾಕ್ಸ್ ಎಂಬವರು ಮಾಡಿದ್ದು, 1846ರಲ್ಲಿ ಪೇಟೆಂಟ್ ಪಡೆದದ್ದು ಅಂತ ಕ್ವಿಜ್ ಒಂದರಲ್ಲಿ ಗೊತ್ತಾದಾಗ ನನಗೆ ನಿಜಕ್ಕೂ ಬೇಜಾರಾಗಿತ್ತು.

ತಮಾಷೆಗೆ ಬಂದ ಸಿಡಿಯ ಕೊನೆಗೆ ಆದದ್ದು 2008ರ ‘ಕಿನ್ಸ್‌ಮೆನ್’ ಆಲ್ಬಮ್. ನೆಂಟರು ಅನ್ನಬಹುದು. ಇಬ್ಬರೂ ಒಟ್ಟಿಗೆ, ಆಲ್ಟೋ ಸ್ಯಾಕ್ಸೋಫೋನ್ ಎರಡು. ಏಳು ಜನರ ಆ ತಂಡದ ಹೆಸರು ದಕ್ಷಿಣ. ಪಿಟೀಲು ಎ. ಕನ್ಯಾಕುಮಾರಿ, ವಿಜಯನಗರಂ ಮೂಲದವರು, ಎಂ.ಎಲ್. ವಸಂತಕುಮಾರಿಯವರ ಶಿಷ್ಯೆ. 2016ರಲ್ಲಿ ಇವರಿಗೆ ಸಂಗೀತ ಕಲಾನಿಧಿ ಪ್ರಶಸ್ತಿ ಬಂತು. ಮೃದಂಗ ಪೂವಲೂರ್ ಶ್ರೀಜಿ. ಅವರು ಅಮೆರಿಕದ ಟೆಕ್ಸಾಸ್‌ನಲ್ಲಿ ಪಾಠ ಹೇಳುವವರು. ಗಿಟಾರ್ ರೆಜ್ ಅಬ್ಬಾಸಿ, ಕರಾಚಿಯಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದವರು. ಜೊತೆಗೆ ಬೇಸ್ ಮತ್ತು ಡ್ರಮ್ಸ್. ಕೇಳುವಾಗ ಒಂದು ಆಟ ಆಡಿ. ಎರಡು ಸ್ಯಾಕ್ಸೋಫೋನಿನಲ್ಲಿ ಯಾವುದು ಬೋಲ್ಡರ್, ಯಾವುದು ಸಜೀಪ ಅಂತ ಹೇಳಿ. ಮೊದಲ ಉಸಿರಿಗೇ ಗೊತ್ತಾಗುತ್ತದೆ. ಅದೇ ವಾದ್ಯ, ಮನೆಮಾತು ಬೇರೆ. ಇದಕ್ಕೆ ಫ್ಯೂಶನ್ ಅನ್ನುವವರಿದ್ದಾರೆ. ನನಗೆ ಆ ಶಬ್ದ ಕೇಳಿದರೆ ಹೋಟೆಲಿನ ಮೆನು ಕಾರ್ಡು ನೆನಪಾಗುತ್ತದೆ. ಇಲ್ಲಿ ಏನೂ ಕರಗಿಲ್ಲ. ಅಮ್ಮ ಫೋನಿನಲ್ಲಿ ಒಂದು ಮಾತಿನಿಂದ ಇನ್ನೊಂದಕ್ಕೆ ದಾಟುವಾಗ ಯಾವುದೂ ಕರಗುವುದಿಲ್ಲವಲ್ಲ, ಹಾಗೆ.

ಕದ್ರಿಯವರು 2019ರ ಅಕ್ಟೋಬರ್ 11ರಂದು ತೀರಿಕೊಂಡರು. ಮರುದಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಹಾಕಿದ್ದು ಅವರು ನುಡಿಸಿದ ಅದೇ ಒಂದು ತಮಿಳು ಸಿನಿಮಾದ ತುಣುಕು. ತಪ್ಪಲ್ಲ. ಆದರೆ ಆ ದಿನ ಯಾರಾದರೂ ಈ ಆಲ್ಬಮ್ ಹಾಕಿದ್ದರೆ ನಾನು ಐದಾರು ವರ್ಷ ಮೊದಲೇ ಕೇಳುತ್ತಿದ್ದೆ.

ಈಗ ಮನೆ ವಿಷಯ. ನನ್ನ ಮಗಳು ಕನ್ನಡ ಮಾತಾಡುತ್ತಾಳೆ. ವ್ಯಾಕರಣ ತಪ್ಪುವುದಿಲ್ಲ. ಭಾನುವಾರದ ಕನ್ನಡ ಕ್ಲಾಸಿನವರಿಗೆ ಅದರ ಪುಣ್ಯ ಸೇರಬೇಕು. ಆದರೆ ದನಿ ಶಾಲೆಯ ಇಂಗ್ಲಿಷಿನದ್ದು. ‘ಅಜ್ಜಿ, ಊಟ ಆಯಿತಾ’ ಅಂತ ಕೇಳಿದರೆ ಅಜ್ಜಿಗೆ ಒಂದು ಸಲ ತಿಳಿಯುವುದಿಲ್ಲ. ಶಬ್ದ ಎಲ್ಲ ಸರಿ ಇದ್ದೂ ತಿಳಿಯುವುದಿಲ್ಲ. ಅಕ್ಷರ ಕಲಿಸಲು ನಮ್ಮಲ್ಲಿ ಪುಸ್ತಕ ಉಂಟು. ದನಿ ಕಲಿಸಲು ಎಂತ ಉಂಟು?

ಹಾಗಾಗಿ ಒಂದು ಕೆಲಸ ಕೊಡುತ್ತಿದ್ದೇನೆ. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಇನ್ನೂ ಸಮಯ ಇದೆ. ನಿಮ್ಮ ಮನೆಯ ಹಿರಿಯರ ಮಾತು ಒಂದು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿ ನಮಗೆ ಕಳಿಸಿ. ಭಾಷಣ ಬೇಡ, ಪದ್ಯ ಬೇಡ, ‘ಕನ್ನಡವೇ ನಮ್ಮುಸಿರು’ ಖಂಡಿತ ಬೇಡ. ಹಾಲಿನವನಿಗೆ ಬೈದದ್ದಿದ್ದರೆ ಉತ್ತಮ. ಕುಂದಾಪುರದ್ದು, ಧಾರವಾಡದ್ದು, ಕೊಳ್ಳೇಗಾಲದ್ದು, ಸೊಲ್ಲಾಪುರದ್ದು, ತಾಳವಾಡಿಯದ್ದು, ಯಾವುದಾದರೂ ಸರಿ. ತುಳು, ಕೊಂಕಣಿ, ಬ್ಯಾರಿಯೂ ಬರಲಿ. ಸಭಾಂಗಣದಲ್ಲಿ ದೀಪ ಆರಿಸಿ ಕೇಳಿಸೋಣ. ಊರು ಯಾವುದು ಅಂತ ಮಕ್ಕಳು ಹೇಳಲಿ.

ನನ್ನದು ತಯಾರಿದೆ. ಹೊರಡುವ ದಿನ ಬೆಳಿಗ್ಗೆ ಅಮ್ಮ ಬಾಳೆಕಾಯಿ ಹೆಚ್ಚುತ್ತಿದ್ದಾಗ ಫೋನ್ ಮುಂದೆ ಹಿಡಿದು ಏನಾದರೂ ಮಾತಾಡಿ ಅಂದೆ. ಹನ್ನೊಂದು ಸೆಕೆಂಡು ಸಿಕ್ಕಿತು. ಒಂಬತ್ತು ಸೆಕೆಂಡು ಮಳೆ, ಮಣೆಯ ಮೇಲೆ ಕತ್ತಿಯ ಸದ್ದು. ಕೊನೆಯಲ್ಲಿ, “ಅದರ ಅತ್ಲಾಗಿ ಮಡುಗು. ಎನಗೆಂತ ಮಾತಾಡ್ಲಿದ್ದು?”