ವೈವಾ ಮುಗಿಯಿತು, ಮೊದಲ ಧನ್ಯವಾದ ಪೀಣ್ಯದ ಅಣ್ಣನಿಗೆ

ಮೊನ್ನೆ ಶುಕ್ರವಾರ ನನ್ನ ವೈವಾ, ಅಂದರೆ ಥೀಸಿಸ್ ಮೇಲಿನ ಮೌಖಿಕ ಪರೀಕ್ಷೆ, ಆಯಿತು. ಕೆಲಸ ಮಾಡಿಕೊಂಡೇ ಓದಿದ್ದು, ಆರು ವರ್ಷ ಹಿಡಿಯಿತು. ಫೋನ್ ಮಾಡಿದವರ ಹತ್ತಿರ ಅವತ್ತು ಸರಿಯಾಗಿ ಮಾತಾಡೋಕೆ ಆಗಲಿಲ್ಲ, ಗಂಟಲು ಕಟ್ಟಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಅಷ್ಟು ವರ್ಷ ಏನು ಮಾಡಿದೆ ಅಂತ ಸುಮಾರು ಜನ ಕೇಳಿದ್ದಾರೆ. ಅಕ್ಕಿ ಗಿರಣಿಯಲ್ಲಿ ಧೂಳು ಹಿಡಿಯುವ ಸೈಕ್ಲೋನ್ ನೋಡಿರುತ್ತೀರಿ, ಮೇಲೆ ಡ್ರಮ್ಮು, ಕೆಳಗೆ ಆಲಿಕೆ ಥರ ಇರುತ್ತದಲ್ಲ, ಅದು. ಗಾಳಿ ಪಕ್ಕದಿಂದ ನುಗ್ಗಿ ಗಿರಗಿರ ಸುತ್ತುತ್ತದೆ, ಧೂಳು ಗೋಡೆಗೆ ಸರಿದು ಕೆಳಗಿಳಿಯುತ್ತದೆ, ಗಾಳಿ ಮಾತ್ರ ನಡುವಿನ ಕೊಳವೆಯಿಂದ ಮೇಲೆ ಹೋಗುತ್ತದೆ. ಆ ಸುಳಿಯನ್ನು ಕಂಪ್ಯೂಟರ್‌ನಲ್ಲಿ ನಂಬುವ ಹಾಗೆ ಲೆಕ್ಕ ಹಾಕುವುದೇ ನನ್ನ ಥೀಸಿಸ್.

ಗಾಳಿಯ ಅಡ್ಡಾದಿಡ್ಡಿ ಕಲಕಾಟಕ್ಕೆ ಟರ್ಬ್ಯುಲೆನ್ಸ್ ಅನ್ನುತ್ತಾರೆ. ಅದನ್ನು ಲೆಕ್ಕಕ್ಕೆ ತರಲು ಮೊದಲ ಎರಡು ವರ್ಷ ಕೆ-ಎಪ್ಸಿಲಾನ್ ಅನ್ನುವ ಸಮೀಕರಣಗಳ ಮಾದರಿ ಬಳಸಿದೆ. ಬೇಗ ಮುಗಿಯುತ್ತದೆ, ಚಿತ್ರವೂ ಚೆಂದ ಬರುತ್ತದೆ. ನಮಗೆ ಅಕ್ರಿಲಿಕ್ ಸೈಕ್ಲೋನ್ ಮಾಡಿಕೊಡುತ್ತಿದ್ದ ಪೀಣ್ಯದ ಲೇತ್ ಅಣ್ಣ ಒಂದು ದಿನ ಆ ಚಿತ್ರ ನೋಡಿ, "ಇದೇನಮ್ಮ, ಬೀಸೋ ಕಲ್ಲು ತಿರುಗಿದ ಹಾಗಿದೆ, ನಡುವೆ ನಿಧಾನ, ಅಂಚಲ್ಲಿ ಜೋರು. ಬಚ್ಚಲಲ್ಲಿ ನೀರು ಇಳಿಯೋದು ನೋಡಿ, ಒಳಗೆ ಹೋದಷ್ಟೂ ಜೋರಾಗಿ ಸುತ್ತಲ್ವಾ?" ಅಂದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಅಳತೆ ಮಾಡಿದರೆ ಅವರ ಮಾತೇ ಸರಿ. ಗಾಳಿಯ ವೇಗ ಅಳೆಯುವ ಪಿಟೋ ಕೊಳವೆ ತೂರಿಸಲು ಗೋಡೆಗೆ ತೂತು ಕೊರೆದು, ಒಳಗಡೆ ಚೂರೂ ಚಕ್ಕೆ ಉಳಿಯದ ಹಾಗೆ ಕೈಯಲ್ಲೇ ಉಜ್ಜಿ ಕೊಟ್ಟವರೂ ಅವರೇ. ಬೀಸುವ ಕಲ್ಲಿನ ಹಾಗೆ ತಿರುಗುವುದು ನಡುವಿನ ತಿರುಳು ಮಾತ್ರ. ಅದರ ಅಂಚಿನಲ್ಲೇ ವೇಗ ಎಲ್ಲಕ್ಕಿಂತ ಜಾಸ್ತಿ. ನನ್ನ ಮಾದರಿ ಇಡೀ ಸೈಕ್ಲೋನನ್ನೇ ಕಲ್ಲು ಮಾಡಿಬಿಟ್ಟಿತ್ತು. 1877ರಲ್ಲಿ ಫ್ರಾನ್ಸಿನ ವಿಜ್ಞಾನಿ ಬುಸಿನೆಸ್ಕ್ ಕೊಟ್ಟ ಊಹೆ ಅದಕ್ಕೆ ಅಡಿಪಾಯ, ಟರ್ಬ್ಯುಲೆನ್ಸ್ ಎಲ್ಲ ದಿಕ್ಕಿಗೂ ಒಂದೇ ಥರದ ಅಂಟುತನ ಕೊಡುತ್ತದೆ ಅಂತ. ಸುಳಿಯಲ್ಲಿ ಒಂದೊಂದು ದಿಕ್ಕಿಗೆ ಒಂದೊಂದು ಥರ.

ಆಮೇಲೆ 1975ರ ಲಾಂಡರ್, ರೀಸ್, ರೋಡಿ ಅವರ ಮಾದರಿಗೆ ಹೋದೆ. ಅದರಲ್ಲಿ 6 ರೆನಾಲ್ಡ್ಸ್ ಒತ್ತಡಗಳಿಗೂ (ಕಲಕಾಟದಿಂದ ಬೇರೆ ಬೇರೆ ದಿಕ್ಕಿಗೆ ಹುಟ್ಟುವ ಎಳೆತಗಳು) ಬೇರೆ ಬೇರೆ ಸಮೀಕರಣ, ಶಕ್ತಿ ಸವೆಯುವುದಕ್ಕೆ ಇನ್ನೊಂದು. ಹಾಕಿದಾಗೆಲ್ಲ ಲೆಕ್ಕ ಕೈಮೀರಿ ಸಿಡಿಯುತ್ತಿತ್ತು, ತಿಂಗಳುಗಟ್ಟಲೆ. ನಮ್ಮ ಮೇಷ್ಟ್ರು, ಗಾಳಿಯ ಹರಿವಿನ ದೊಡ್ಡ ವಿಜ್ಞಾನಿ ರೊದ್ದಂ ನರಸಿಂಹ ಅವರ ಉಪನ್ಯಾಸಗಳನ್ನು ಕೇಳಿದವರು, ಒಂದು ದಿನವೂ ಬೈಯಲಿಲ್ಲ. ಪಕ್ಕದಲ್ಲಿ ಕೂತು, ಹಳೇ ಮಾದರಿಯ ಉತ್ತರದಿಂದಲೇ ಶುರು ಮಾಡು, ಕಾಲದ ಹೆಜ್ಜೆ ತುಂಬಾ ಚಿಕ್ಕದಿಡು, ತಿರುಳು ವಾಲಿದ ಬುಗುರಿಯ ಹಾಗೆ ತಾನೂ ಸುತ್ತುತ್ತದೆ, ಅದನ್ನು ತಡೀಬೇಡ ಅಂದರು. ಹಾಗೆ ಮಾಡಿದ ಮೇಲೆ ಲೆಕ್ಕ ಸಿಡಿಯದೆ ನಿಂತಿತು. ಸರ್, ನಿಮಗೆ ಏನು ಹೇಳಲಿ!

ಕಂಪ್ಯೂಟರ್‌ನಲ್ಲಿ ಹನ್ನೊಂದು ದಿನ ಓಡಿದ ಲೆಕ್ಕ ಕರೆಂಟ್ ಹೋಗಿ ಹಾಳಾದಾಗ ಭಾನುವಾರ ಲ್ಯಾಬಿಗೆ ಬಂದು, ಗಂಟೆಗೊಮ್ಮೆ ಸೇವ್ ಆಗುವ ಹಾಗೆ ಮಾಡಿಕೊಟ್ಟ ಇಬ್ಬರು ಹುಡುಗರಿಗೆ, ಹರಿವು ಲೆಕ್ಕ ಹಾಕುವ ಓಪನ್‌ಫೋಮ್ ತಂತ್ರಾಂಶ ಬರೆದು ಎಲ್ಲರಿಗೂ ಬಿಟ್ಟುಕೊಟ್ಟವರಿಗೆ, ಮಗಳನ್ನು ನೋಡಿಕೊಂಡ ಅತ್ತೆಗೆ, ತುಂಬಾ ತುಂಬಾ ಥ್ಯಾಂಕ್ಸ್.

ಅಣ್ಣ, ಶನಿವಾರ ಪೀಣ್ಯಕ್ಕೆ ಬರ್ತೀನಿ. ಥೀಸಿಸ್ಸಿನ ಒಂದು ಪ್ರತಿ ನಿಮಗೆ. ನಿಮ್ಮ ತೂತುಗಳಲ್ಲಿ ಅಳೆದ ಚುಕ್ಕೆಗಳೂ ನನ್ನ ಗೆರೆಯೂ ಒಂದರ ಮೇಲೊಂದು ಕೂತಿರುವ ಪುಟಕ್ಕೆ ಗುರುತು ಇಟ್ಟಿದ್ದೇನೆ.